ತಪ್ಪೊಪ್ಪಿಕೊಂಡವನ ಸಿನಿಮಾ

ಫೆಡೆರಿಕೊ ಫೆಲಿನಿಯ ‘ಎಂಟೂವರೆ’ ಚಿತ್ರವನ್ನು ನಾವು ಮೊದಲ ಸಲ ನೋಡಿದ್ದು ಒಂದು ಫಿಲಂ ಸೊಸೈಟಿಯ ಪ್ರದರ್ಶನದಲ್ಲಿ. ಸವೆದ ಪ್ರಿಂಟು, ಕಬ್ಬಿಣದ ಕುರ್ಚಿ, ತೆರೆಯ ತುಂಬ ಬಿಳಿ ಉಡುಪಿನ ಜನ. ಆ ಬಿಳಿಯ ಮೇಲೆ ಮೂಡುತ್ತಿದ್ದ ಬಿಳಿ ಅಕ್ಷರದ ಇಂಗ್ಲಿಷ್ ಅಡಿಬರಹದಲ್ಲಿ ಅರ್ಧಕ್ಕರ್ಧ ಓದಲಿಕ್ಕೇ ಆಗಲಿಲ್ಲ. ಮುಗಿದ ಮೇಲೆ ಹೊರಗೆ ಚಹಾ ಕುಡಿಯುತ್ತ ‘ಅದ್ಭುತ’ ಎಂದೆವು. ಹಾಗೆನ್ನದಿದ್ದರೆ ದಡ್ಡರ ಸಾಲಿಗೆ ಸೇರಿಬಿಡುತ್ತೇವೆಂಬ ಅಂಜಿಕೆ ಇತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ತಲೆಬುಡ ಇಲ್ಲ, ಎಲ್ಲಾ ಬೊಗಳೆ’ ಎಂದು ಲೋಟ ಕೆಳಗಿಟ್ಟು ಹೊರಟರು. ಅವತ್ತು ಆ ಗುಂಪಿನಲ್ಲಿ ಪ್ರಾಮಾಣಿಕವಾಗಿ ಮಾತಾಡಿದವರು ಅವರೊಬ್ಬರೇ ಎಂದು ಈಗ ಅನಿಸುತ್ತದೆ.

ಎರಡನೆಯ ಸಲ ನೋಡಿದ್ದು ಬಹಳ ವರ್ಷಗಳ ನಂತರ, ಮನೆಯಲ್ಲಿ, ಡಿಸ್ಕ್ ಹಾಕಿಕೊಂಡು. ಮನೆಯಾಕೆಯೂ ಜೊತೆಗಿದ್ದರು. ಅವರಿಗೆ ಫೆಲಿನಿಯ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕೆಂಬ ಅಂಜಿಕೆಯೂ ಇರಲಿಲ್ಲ. ಕೊನೆಯಲ್ಲಿ ಎಲ್ಲರೂ ಕೈ ಕೈ ಹಿಡಿದು ಕುಣಿಯುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವನ ಹೆಂಡತಿ ಆಗಲೇ ಎದ್ದು ಹೋಗಿದ್ದಳಲ್ಲ, ಮತ್ತೆ ಯಾರು ಕರೆದುಕೊಂಡು ಬಂದರು?”

ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಚಿತ್ರ ನೋಡದವರಿಗಾಗಿ ಒಂದಿಷ್ಟು ವಿವರ. ‘ಎಂಟೂವರೆ’ ಇಟಲಿಯಲ್ಲಿ ತೆರೆ ಕಂಡದ್ದು 1963ರಲ್ಲಿ. ಹೆಸರಿಗೆ ಅಂಥ ಗೂಢಾರ್ಥವೇನೂ ಇಲ್ಲ. ಅದುವರೆಗೆ ಫೆಲಿನಿ ಮಾಡಿದ್ದು ಆರು ಪೂರ್ಣ ಚಿತ್ರ. ಎರಡು ಕಿರುಚಿತ್ರಗಳನ್ನು ಅರ್ಧರ್ಧವೆಂದೂ, ಇನ್ನೊಬ್ಬರ ಜೊತೆ ಸೇರಿ ನಿರ್ದೇಶಿಸಿದ್ದನ್ನು ಅರ್ಧವೆಂದೂ ಹಿಡಿದರೆ ಏಳೂವರೆ. ಹಾಗಾಗಿ ಇದು ಎಂಟೂವರೆ. ಕಥಾನಾಯಕ ಗೈಡೊ ಕೂಡ ಒಬ್ಬ ಚಿತ್ರನಿರ್ದೇಶಕ. ಆ ಪಾತ್ರ ಮಾರ್ಚೆಲ್ಲೊ ಮಾಸ್ಟ್ರಯಾನಿಯವರದು. ಗೈಡೊ ಮುಂದಿನ ಚಿತ್ರಕ್ಕೆ ನಿರ್ಮಾಪಕನಿಂದ ಹಣ ಪಡೆದಿದ್ದಾನೆ. ಸಮುದ್ರದಂಡೆಯಲ್ಲಿ ರಾಕೆಟ್ ಉಡಾವಣೆಯ ಬೃಹತ್ ಅಟ್ಟಣಿಗೆ ಎದ್ದು ನಿಂತಿದೆ. ಆದರೆ ಏನು ಹೇಳಬೇಕೆಂಬುದೇ ಅವನಿಗೆ ಗೊತ್ತಿಲ್ಲ. ಆರೋಗ್ಯ ಸುಧಾರಿಸಿಕೊಳ್ಳಲು ಖನಿಜಜಲದ ಊರೊಂದಕ್ಕೆ ಬಂದವನ ಹಿಂದೆ ನಿರ್ಮಾಪಕ, ನಟಿಯರು, ಪತ್ರಕರ್ತರು, ಎಲ್ಲವನ್ನೂ ಕೊಯ್ದು ಹಾಕುವ ಒಬ್ಬ ವಿಮರ್ಶಕ, ಪ್ರೇಯಸಿ ಕಾರ್ಲಾ, ಕೊನೆಗೆ ಹೆಂಡತಿ ಲೂಯಿಸಾ ಎಲ್ಲರೂ ಬಂದು ಸೇರುತ್ತಾರೆ. ವಾಸ್ತವ, ನೆನಪು, ಕನಸು ಯಾವ ಮುನ್ಸೂಚನೆಯೂ ಇಲ್ಲದೆ ಒಂದರೊಳಗೊಂದು ಬೆರೆಯುತ್ತವೆ. ಸುರಂಗದಲ್ಲಿ ವಾಹನಗಳ ನಡುವೆ ಸಿಕ್ಕಿಬಿದ್ದು, ಹೊಗೆ ತುಂಬಿದ ಕಾರಿನಿಂದ ಹೊರಬಿದ್ದು ಆಕಾಶಕ್ಕೆ ತೇಲುವ ಮನುಷ್ಯನನ್ನು ಕಾಲಿಗೆ ಕಟ್ಟಿದ ಹಗ್ಗದಿಂದ ಸಮುದ್ರಕ್ಕೆ ಎಳೆದು ಕೆಡಹುವ ಮೊದಲ ದೃಶ್ಯವೇ ಒಂದು ಕನಸು.

ಈ ಚಿತ್ರದ ಬಗೆಗಿನ ಪ್ರೇಕ್ಷಕರ ಅಭಿಪ್ರಾಯ ಮೊದಲಿಂದಲೂ ಎರಡಾಗಿ ಒಡೆದಿದೆ. ಮಾಸ್ಕೋ ಚಲನಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ, ಎರಡು ಆಸ್ಕರ್ ಬಂದವು. ಅಮೆರಿಕದ ಪಾಲೀನ್ ಕೇಲ್ ಅವರಂಥ ಖ್ಯಾತ ವಿಮರ್ಶಕಿಗೆ ಮಾತ್ರ ಇದು ಹಿಡಿಸಲೇ ಇಲ್ಲ. ಸಾಮಾನ್ಯ ನೋಡುಗರಲ್ಲಂತೂ ಇಂದಿಗೂ ಒಬ್ಬರು ‘ಇದಕ್ಕಿಂತ ಪ್ರಾಮಾಣಿಕವಾದ ಸಿನಿಮಾ ಇಲ್ಲ’ ಎಂದರೆ ಇನ್ನೊಬ್ಬರು ‘ತನ್ನ ಹೊಕ್ಕುಳನ್ನೇ ನೋಡಿಕೊಂಡು ಕೂತವನ ಸಿನಿಮಾ’ ಎನ್ನುತ್ತಾರೆ. ಅರ್ಥವಾಯಿತೇ ಇಲ್ಲವೇ ಎಂಬ ಜಗಳ ನಮಗೆ ಅಷ್ಟು ಮುಖ್ಯವಲ್ಲ. ಕನಸು ಯಾವುದು, ನೆನಪು ಯಾವುದು ಎಂಬುದು ಎರಡು ಸಲ ನೋಡಿದರೆ ತಿಳಿಯುತ್ತದೆ. ಇವರಿಬ್ಬರೂ ಬಳಸುವ ಆ ‘ಪ್ರಾಮಾಣಿಕ’ ಎಂಬ ಪದದ ಮೇಲೆ ನಮ್ಮ ಕಣ್ಣು. ತನ್ನ ಸುಳ್ಳು, ವ್ಯಭಿಚಾರ, ಹೇಡಿತನ ಎಲ್ಲವನ್ನೂ ತೆರೆಯ ಮೇಲೆ ಹರಡಿಟ್ಟವನು ಅಷ್ಟರಿಂದಲೇ ಪ್ರಾಮಾಣಿಕನಾಗುತ್ತಾನೆಯೇ? ಒಪ್ಪಿಕೊಂಡರೆ ಸಾಕೇ?

ಮನೆಯಲ್ಲಿ ನೋಡುವ ಅನುಕೂಲ ಬಂದ ಮೇಲೆ ಈ ಪ್ರಶ್ನೆಯ ಸ್ವರೂಪವೇ ಸ್ವಲ್ಪ ಬದಲಾಗಿದೆ. ಹಳೆಯ ಚಿತ್ರಗಳನ್ನು ಶುದ್ಧಗೊಳಿಸಿ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2001ರಲ್ಲಿ ಇದನ್ನು ಎರಡು ಡಿವಿಡಿಗಳಲ್ಲಿ ತಂದಿತು. 2010ರಲ್ಲಿ ಬ್ಲೂ-ರೇ ಬಂತು. ಫೆಲಿನಿ ಹುಟ್ಟಿ ನೂರು ವರ್ಷವಾದ 2020ರಲ್ಲಿ ಅವನ 14 ಚಿತ್ರಗಳ ಪೆಟ್ಟಿಗೆಯೂ ಬಂತು. ಜಾನಿ ಡಿ ವೆನಾಂಜೊನ ಕಪ್ಪು-ಬಿಳುಪು ಛಾಯಾಗ್ರಹಣ ಕೊನೆಗೂ ಕಣ್ತುಂಬ ಕಾಣತೊಡಗಿತು. ಅಡಿಬರಹವೂ ಓದುವಂತಾಯಿತು. ಅಷ್ಟಾದರೂ ಡಿಸ್ಕ್ ಕೊಂಡವರ ದೂರು ನಿಲ್ಲಲಿಲ್ಲ. ತುಟಿಯ ಚಲನೆಗೂ ಮಾತಿಗೂ ಹೊಂದುವುದಿಲ್ಲ, ಡಿಸ್ಕ್ ದೋಷಪೂರಿತ ಎನ್ನುವವರು ಈಗಲೂ ಸಿಗುತ್ತಾರೆ. ದೋಷ ಡಿಸ್ಕಿನದಲ್ಲ. ಆ ಕಾಲದ ಇಟಲಿಯಲ್ಲಿ ಬಹುತೇಕ ಎಲ್ಲ ಚಿತ್ರಗಳಿಗೂ ಮಾತನ್ನು ಆಮೇಲೆ ಸೇರಿಸುತ್ತಿದ್ದರು. ಫೆಲಿನಿಯಂತೂ ಸಂಭಾಷಣೆ ಸಿದ್ಧವಿಲ್ಲದಿದ್ದರೆ ನಟರಿಂದ ಒಂದು, ಎರಡು, ಮೂರು ಎಂದು ಅಂಕಿಗಳನ್ನೇ ಹೇಳಿಸಿ ಚಿತ್ರೀಕರಿಸುತ್ತಿದ್ದ. ಟ್ಯುನಿಷಿಯಾದಲ್ಲಿ ಹುಟ್ಟಿ ಬೆಳೆದ ಕ್ಲಾಡಿಯಾ ಕಾರ್ಡಿನಾಲೆಗೆ ಅದುವರೆಗಿನ ಇಟಾಲಿಯನ್ ಚಿತ್ರಗಳಲ್ಲಿ ಬೇರೆಯವರ ಕಂಠವನ್ನೇ ಕೊಟ್ಟಿದ್ದರು. ಅವಳ ಒರಟು ದನಿ ಅವಳದಾಗಿಯೇ ಕೇಳಿಸಿದ್ದು ಮೊದಲು ಈ ಚಿತ್ರದಲ್ಲಿ. ಎಲ್ಲರ ಬಾಯಿಗೂ ಯಾರದೋ ಮಾತನ್ನು ತುಂಬುವ ಪದ್ಧತಿಯೊಳಗೆ ಕೂತು ಒಬ್ಬ ನಿರ್ದೇಶಕ ‘ಸತ್ಯವನ್ನೇ ಹೇಳುವ ಸಿನಿಮಾ ಮಾಡಬೇಕು’ ಎಂದು ಒದ್ದಾಡುವುದರ ತಮಾಷೆ ಫೆಲಿನಿಗೆ ತಿಳಿಯದೆ ಇರಲಿಲ್ಲ.

ಮನೆಯ ಪ್ರದರ್ಶನ ನಮಗೆ ಕೊಟ್ಟ ದೊಡ್ಡ ಉಪಕಾರ ಚಿತ್ರದ ಹೊಳಪಲ್ಲ, ರಿಮೋಟು. ಥಿಯೇಟರಿನಲ್ಲಿ ನಿನೊ ರೋಟಾನ ಸರ್ಕಸ್ ಸಂಗೀತ ಒಮ್ಮೆ ಶುರುವಾಯಿತೆಂದರೆ ನೋಡುಗನನ್ನು ಹೊತ್ತುಕೊಂಡೇ ಹೋಗುತ್ತದೆ. ಯಾರು ಯಾರಿಗೆ ಏನೆಂದರು ಎಂದು ವಿಚಾರಿಸಲು ವ್ಯವಧಾನ ಕೊಡುವುದಿಲ್ಲ. ಮನೆಯಲ್ಲಿ ಚಿತ್ರವನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಲೂಯಿಸಾಳ ಮುಖವನ್ನು ಮತ್ತೆ ನೋಡಬಹುದು.

ಲೂಯಿಸಾಳ ಪಾತ್ರ ಮಾಡಿದವರು ಅನೂಕ್ ಎಮೆ. ಚಿಕ್ಕ ಕೂದಲು, ದಪ್ಪ ಫ್ರೇಮಿನ ಕನ್ನಡಕ, ಸದಾ ಕೈಯಲ್ಲಿ ಸಿಗರೇಟು. ಗಂಡನ ಪ್ರೇಯಸಿ ಹೋಟೆಲಿನ ಹೊರಗಿನ ಮೇಜಿಗೆ ಬಂದು ಕೂತಾಗ ಗೈಡೊ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ತನಗೇನೂ ಗೊತ್ತಿಲ್ಲವೆಂಬಂತೆ ಇರುತ್ತಾನೆ. ಲೂಯಿಸಾಳನ್ನು ಕೆರಳಿಸುವುದು ಪ್ರೇಯಸಿ ಅಲ್ಲ. ಅಷ್ಟು ಸರಾಗವಾಗಿ ಸುಳ್ಳು ಹೇಳುವ ಗಂಡನ ಮುಖ. ಆ ಕ್ಷಣದಲ್ಲೇ ಗೈಡೊ ಹಗಲುಗನಸಿಗೆ ಜಾರುತ್ತಾನೆ. ಹಳ್ಳಿಮನೆಯೊಂದರಲ್ಲಿ ಅವನು ಇಷ್ಟಪಟ್ಟ ಹೆಂಗಸರೆಲ್ಲ ಒಟ್ಟಿಗೆ ಅವನ ಸೇವೆ ಮಾಡುತ್ತಿದ್ದಾರೆ, ಲೂಯಿಸಾ ನಗುನಗುತ್ತ ನೆಲ ಒರೆಸುತ್ತಿದ್ದಾಳೆ. ವಯಸ್ಸು ಮೀರಿದವರು ಮಹಡಿಗೆ ಹೋಗಬೇಕೆಂಬುದು ಆ ಮನೆಯ ಕಟ್ಟಳೆ. ಮುದಿಯಾದ ನರ್ತಕಿಯೊಬ್ಬಳು ಇನ್ನೊಂದು ದಿನ ಇರುತ್ತೇನೆಂದು ಅಂಗಲಾಚುತ್ತಾಳೆ, ಹೆಂಗಸರು ದಂಗೆಯೇಳುತ್ತಾರೆ, ಗೈಡೊ ಚಾವಟಿ ಬೀಸುತ್ತಾನೆ.

ವಿಮರ್ಶಕರೆಲ್ಲ ಇದನ್ನು ‘ಹರೆಮ್ ದೃಶ್ಯ’ ಎಂದೇ ಕರೆಯುತ್ತಾರೆ. ಯುರೋಪು ತನ್ನ ಗಂಡಸಿನ ಚಪಲಕ್ಕೆ ಯಾವಾಗಲೂ ಪೂರ್ವದೇಶದ ಹೆಸರನ್ನೇ ಇಡುತ್ತದೆ. ಆದರೆ ಆ ಮನೆ ಯಾವ ಸುಲ್ತಾನನದೂ ಅಲ್ಲ. ಚಿಕ್ಕವನಿದ್ದಾಗ ಮನೆಯ ಹೆಂಗಸರು ಗೈಡೊನನ್ನು ದ್ರಾಕ್ಷಾರಸದ ತೊಟ್ಟಿಯಲ್ಲಿ ಮೀಯಿಸಿ, ಬಟ್ಟೆಯಲ್ಲಿ ಸುತ್ತಿ, ಹಾಸಿಗೆಯಲ್ಲಿ ಮಲಗಿಸುತ್ತಿದ್ದ ಅದೇ ಇಟಲಿಯ ಹಳ್ಳಿಮನೆ. ಲಾಲಿಸಿಕೊಂಡು ಬೆಳೆದ ಗಂಡುಮಗು ದೊಡ್ಡವನಾದ ಮೇಲೂ ಇಳಿಯಲು ಒಪ್ಪದ ತೊಟ್ಟಿಲು ಅದು. ಈ ದೃಶ್ಯಕ್ಕೆ ಅಂದು ಫಿಲಂ ಸೊಸೈಟಿಯಲ್ಲಿ ಎಲ್ಲರೂ ನಕ್ಕಿದ್ದೆವು. ಮನೆಯಲ್ಲಿ ನೋಡುವಾಗ ಪಕ್ಕದವರು ನಗಲಿಲ್ಲ. ನಾವೂ ನಕ್ಕೆವೋ ಇಲ್ಲವೋ ನೆನಪಾಗುತ್ತಿಲ್ಲ ಎಂದರೆ ಅದು ಗೈಡೊನಂಥದೇ ಸುಳ್ಳಾದೀತು. 2017ರಲ್ಲಿ ‘ಮೀ ಟೂ’ ದನಿ ಎದ್ದ ಮೇಲೆ ಈ ದೃಶ್ಯದ ಬಗ್ಗೆ ಬಹಳ ಜನ ಹೊಸದಾಗಿ ತಕರಾರು ಎತ್ತಿದ್ದಾರೆ. ಇದು ಗಂಡಸಿನ ಲೇವಡಿ ಎಂದು ಸಮರ್ಥಿಸುವವರಿದ್ದಾರೆ. ಲೇವಡಿ ಹೌದು. ಆದರೆ ಲೇವಡಿ ಮಾಡುತ್ತಲೇ ಆ ಸುಖವನ್ನು ಅಷ್ಟು ಹೊತ್ತು ಸವಿಯುವುದೂ ಹೌದು.

ಚಿತ್ರದ ನೈತಿಕ ತಿರುಳು ಇರುವುದು ಇದರ ನಂತರದ ಇನ್ನೊಂದು ದೃಶ್ಯದಲ್ಲಿ. ನಿರ್ಮಾಪಕನ ಒತ್ತಾಯಕ್ಕೆ ಗೈಡೊ ತನ್ನ ಚಿತ್ರದ ಪಾತ್ರಗಳಿಗೆ ಯಾರನ್ನು ಆರಿಸಬೇಕೆಂದು ಸ್ಕ್ರೀನ್ ಟೆಸ್ಟ್‌ಗಳನ್ನು ನೋಡುತ್ತಿದ್ದಾನೆ. ಹೆಂಡತಿಯೂ ಬಂದು ಕೂತಿದ್ದಾಳೆ. ತೆರೆಯ ಮೇಲೆ ನಟಿಯರು ಒಬ್ಬರಾದ ಮೇಲೆ ಒಬ್ಬರು ಬಂದು ಲೂಯಿಸಾಳ ಕನ್ನಡಕ ಧರಿಸಿ, ಲೂಯಿಸಾ ತನ್ನ ಮನೆಯ ನಾಲ್ಕು ಗೋಡೆಗಳ ನಡುವೆ ಗಂಡನಿಗೆ ಹೇಳಿದ ಮಾತುಗಳನ್ನು ಹೇಳುತ್ತಾರೆ. ಅವಳ ನೋವು, ಅವಳ ರೇಗಾಟ ಎಲ್ಲವೂ ಅಲ್ಲಿ ಕೂತ ಪರಕೀಯರಿಗೆ ಆಯ್ಕೆಯ ಸಾಮಗ್ರಿ. ಲೂಯಿಸಾ ಎದ್ದು ಹೊರನಡೆಯುತ್ತಾಳೆ. ಹಿಂದೆ ಬಂದ ಗಂಡನಿಗೆ ಅವಳು ಹೇಳುವುದರ ತಾತ್ಪರ್ಯ ಇಷ್ಟು: ಇದೂ ಇನ್ನೊಂದು ಸುಳ್ಳೇ. ಎಲ್ಲರನ್ನೂ ಇದರೊಳಗೆ ಹಾಕಿದ್ದೀಯ, ಆದರೆ ನಿನಗೆ ಬೇಕಾದ ಹಾಗೆ. ಪಕ್ಕದಲ್ಲೇ ಮುದಿಯಾಗುತ್ತಿರುವವಳಿಗೆ ಒಂದು ಸಣ್ಣ ನಿಜ ಹೇಳಲಾರದ ನೀನು ಅಪರಿಚಿತರಿಗೆ ಏನು ಕಲಿಸಬಲ್ಲೆ?

‘ಪ್ರಾಮಾಣಿಕ ಚಿತ್ರ’ ಎಂದು ಹೊಗಳುವವರಿಗೆ ಈ ಮಾತು ಕೇಳಿಸಿರುವುದಿಲ್ಲವೇನೋ ಎಂದು ನಮಗೆ ಅನುಮಾನ. ತನ್ನ ಬಗ್ಗೆ ನಿಜ ಹೇಳುವುದು ಬೇರೆ, ಅನ್ಯಾಯವಾದವರ ಎದುರು ನಿಂತು ಅವರಿಗೆ ನಿಜ ಹೇಳುವುದು ಬೇರೆ. ಮೊದಲನೆಯದನ್ನು ಸಾವಿರ ಜನರ ಎದುರು ಚಪ್ಪಾಳೆಯ ನಡುವೆ ಮಾಡಬಹುದು. ಎರಡನೆಯದಕ್ಕೆ ಪ್ರೇಕ್ಷಕರಿರುವುದಿಲ್ಲ.

ಇಸ್ಲಾಮಿನ ನೀತಿಚಿಂತನೆಯಲ್ಲಿ ಈ ವ್ಯತ್ಯಾಸವನ್ನು ಬಹಳ ಗಂಭೀರವಾಗಿ ಪರಿಗಣಿಸಲಾಗಿದೆ. ತೌಬಾ ಎಂದರೆ ತಪ್ಪನ್ನು ನಿಲ್ಲಿಸಬೇಕು, ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ತಪ್ಪು ಇನ್ನೊಬ್ಬ ಮನುಷ್ಯನ ಹಕ್ಕಿಗೆ ಸಂಬಂಧಿಸಿದ್ದಾದರೆ ಇಷ್ಟೂ ಸಾಲದು. ಆ ಹಕ್ಕನ್ನು ಮರಳಿಸಬೇಕು ಅಥವಾ ಅವರಿಂದಲೇ ಕ್ಷಮೆ ಪಡೆಯಬೇಕು. ಬೇರೆ ಯಾರ ಮುಂದೆ ಅತ್ತರೂ ಆ ಸಾಲ ತೀರುವುದಿಲ್ಲ. ರಾತ್ರಿ ದೇವನು ಮುಚ್ಚಿಟ್ಟ ತಪ್ಪನ್ನು ಬೆಳಗಾಗೆದ್ದು ತಾನೇ ಬಿಚ್ಚಿ ಹೇಳಿಕೊಂಡು ತಿರುಗುವವನ ಬಗ್ಗೆ ಪ್ರವಾದಿಯವರು(ಸ) ಕಟುವಾಗಿ ಎಚ್ಚರಿಸಿದ್ದಾರೆ. ಇದನ್ನು ತಪ್ಪು ಬಚ್ಚಿಡುವ ಕಪಟಕ್ಕೆ ಪರವಾನಗಿ ಎಂದು ಬಳಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ, ಆ ಮಾತು ಬೇರೆ. ಅದರ ಹಿಂದಿನ ಅರಿವು ಮಾತ್ರ ಸೂಕ್ಷ್ಮವಾದದ್ದು. ತಪ್ಪನ್ನು ಸಾರುವುದರಲ್ಲೂ ಒಂದು ಮೆರೆದಾಟವಿದೆ. ಜೊತೆಗೆ, ಹಾಗೆ ಸಾರುವಾಗ ತನ್ನದಷ್ಟೇ ಅಲ್ಲ, ಆ ತಪ್ಪಿಗೆ ಗುರಿಯಾದವರ ಮಾನವೂ ಬೀದಿಗೆ ಬರುತ್ತದೆ. ಪರೋಕ್ಷ ನಿಂದೆ ಮಾಡಿದವನು ನಿಂದೆಗೊಳಗಾದವನಿಗೆ ಅದನ್ನು ತಿಳಿಸಿಯೇ ಕ್ಷಮೆ ಕೇಳಬೇಕೇ, ಅಥವಾ ತಿಳಿಸಿ ನೋಯಿಸುವ ಬದಲು ಅವನಿಗಾಗಿ ಪ್ರಾರ್ಥಿಸಿ, ಅವನ ಒಳ್ಳೆಯದನ್ನು ಆಡಿದರೆ ಸಾಕೇ ಎಂಬುದರಲ್ಲಿ ವಿದ್ವಾಂಸರಿಗೇ ಭಿನ್ನಾಭಿಪ್ರಾಯವಿದೆ. ನಿಜ ಹೇಳುವುದು ಯಾವಾಗ ಪರಿಹಾರ, ಯಾವಾಗ ಎರಡನೆಯ ಪೆಟ್ಟು ಎಂಬ ಪ್ರಶ್ನೆ ಅವರನ್ನೂ ಕಾಡಿತ್ತು. ಸ್ಕ್ರೀನ್ ಟೆಸ್ಟ್ ನೋಡುತ್ತ ಕೂತ ಲೂಯಿಸಾಳಿಗೆ ಬಿದ್ದದ್ದು ಆ ಎರಡನೆಯ ಪೆಟ್ಟು.

ಹಾಗೆಂದು ಗೈಡೊನನ್ನು ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಕೊಟ್ಟುಬಿಡುವುದಕ್ಕೂ ಚಿತ್ರ ನಮ್ಮನ್ನು ಬಿಡುವುದಿಲ್ಲ. ಅವನು ತಪ್ಪೊಪ್ಪಿಗೆಯನ್ನು ಕಲಿತದ್ದು ಎಲ್ಲಿ ಎಂಬುದನ್ನು ಅದು ತೋರಿಸುತ್ತದೆ. ಪಾದ್ರಿಗಳ ಶಾಲೆಯ ಹುಡುಗರು ಕಡಲತೀರದ ಹಾಳು ಬಂಕರಿನಲ್ಲಿ ವಾಸಿಸುವ ಸರಗೀನಾ ಎಂಬ ದಢೂತಿ ಹೆಂಗಸಿಗೆ ಕಾಸು ಕೊಟ್ಟು ರುಂಬಾ ಕುಣಿಸುತ್ತಾರೆ. ಪಾದ್ರಿಗಳು ಅಟ್ಟಿಸಿಕೊಂಡು ಬಂದು ಗೈಡೊನನ್ನು ಹಿಡಿಯುತ್ತಾರೆ. ಸಾಲಾಗಿ ಕೂತ ಹಿರಿಯರ ಎದುರು ವಿಚಾರಣೆ, ‘ನಾಚಿಕೆಗೇಡು’ ಎಂದು ಅಳುವ ತಾಯಿ, ಸಹಪಾಠಿಗಳೆದುರು ಅವಮಾನ, ಆಮೇಲೆ ತಪ್ಪೊಪ್ಪಿಗೆಯ ಗೂಡಿನೊಳಗೆ ‘ಸರಗೀನಾ ಎಂದರೆ ಸೈತಾನ’ ಎಂಬ ಉಪದೇಶ. ಎಂಟೊಂಬತ್ತು ವರ್ಷದ ಹುಡುಗ ಅಂದು ಕಲಿತದ್ದು ಪಶ್ಚಾತ್ತಾಪವನ್ನಲ್ಲ, ಸಭೆಯ ಎದುರು ಹೇಗೆ ನಿಲ್ಲಬೇಕೆಂಬುದನ್ನು. ಕೂಡಲೇ ಅವನು ಮತ್ತೆ ಕಡಲತೀರಕ್ಕೆ ಹೋಗುತ್ತಾನೆ. ಸರಗೀನಾ ಒಬ್ಬಳೇ ಕೂತು ಮೆಲುದನಿಯಲ್ಲಿ ಹಾಡಿಕೊಳ್ಳುತ್ತ ಸಮುದ್ರ ನೋಡುತ್ತಿದ್ದಾಳೆ. ಆ ಹುಡುಗ ಯಾರನ್ನಾದರೂ ಮನುಷ್ಯರೆಂದು ಕಂಡು ವಂದಿಸಿದ್ದರೆ ಅದು ಆ ಒಂದು ಕ್ಷಣದಲ್ಲಿ. ಮಕ್ಕಳಿಗೆ ನೀತಿ ಕಲಿಸುವ ಹೊಣೆ ಹೊತ್ತ ಎಲ್ಲ ಧರ್ಮಗಳವರೂ, ನಮ್ಮ ಮದ್ರಸಾಗಳ ಉಸ್ತಾದರೂ ಸೇರಿದಂತೆ, ಈ ಹತ್ತು ನಿಮಿಷವನ್ನು ಕೂತು ನೋಡಬೇಕು.

ಗೈಡೊನ ಬರಡುತನ ಇನ್ನೊಬ್ಬನನ್ನು ನೆನಪಿಸುತ್ತದೆ. 1095ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಪೀಠದಲ್ಲಿದ್ದ ಇಮಾಮ್ ಗಝಾಲಿಗೆ ಒಂದು ದಿನ ನಾಲಗೆಯೇ ಏಳಲಿಲ್ಲ. ನೂರಾರು ವಿದ್ಯಾರ್ಥಿಗಳು ಎದುರು ಕೂತಿದ್ದಾರೆ, ಮಾತು ಹೊರಡುತ್ತಿಲ್ಲ, ಅನ್ನ ಇಳಿಯುತ್ತಿಲ್ಲ. ತಾನು ಪಾಠ ಹೇಳುತ್ತಿರುವುದು ದೇವರಿಗಾಗಿ ಅಲ್ಲ, ಹೆಸರಿಗಾಗಿ ಎಂದು ತನಗೆ ತಿಳಿದುಹೋಯಿತೆಂದು ಮುಂದೆ ತನ್ನ ಆತ್ಮವೃತ್ತಾಂತದಲ್ಲಿ ಬರೆದುಕೊಂಡಿದ್ದಾರೆ. ಅವರು ಮಾಡಿದ್ದೇನು? ಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ತೆಗೆದಿಟ್ಟು, ಉಳಿದ ಸಂಪತ್ತನ್ನು ಹಂಚಿ, ಪೀಠ ಬಿಟ್ಟು ಹೊರಟರು. ಮತ್ತೆ ಪಾಠಕ್ಕೆ ಕೂತದ್ದು 1106ರಲ್ಲಿ, ನಿಶಾಪುರದಲ್ಲಿ. ಹೊರಡುವಾಗ ಮಕ್ಕಾಗೆ ಹೋಗುತ್ತೇನೆಂದು ಹೇಳಿ ಸಿರಿಯಾದ ದಾರಿ ಹಿಡಿದದ್ದನ್ನೂ ಅವರೇ ಒಪ್ಪಿಕೊಂಡಿದ್ದಾರೆ. ಆ ಒಪ್ಪಿಗೆಯಿಂದಾಗಿಯೇ ನಮಗೆ ಅವರ ಉಳಿದ ಮಾತಿನಲ್ಲಿ ನಂಬಿಕೆ. ಅವರು ಬದುಕನ್ನು ಮೊದಲು ಬದಲಿಸಿದರು, ಅದರ ಬಗ್ಗೆ ಬರೆದದ್ದು ವರ್ಷಗಳ ನಂತರ. ಗೈಡೊನದು ತಿರುಗುಮುರುಗು. ಬದುಕು ಇದ್ದಲ್ಲೇ ಇದೆ, ಚಿತ್ರ ಮಾತ್ರ ಸಿದ್ಧವಾಗಿದೆ.

ಆದರೆ ಗಝಾಲಿಯ ಅಳತೆಗೋಲಿನಿಂದ ಕಲಾವಿದನನ್ನು ಅಳೆಯುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಕೈ ಶುದ್ಧವಿದ್ದವನೇ ಕುಂಚ ಹಿಡಿಯಬೇಕೆಂದರೆ ಜಗತ್ತಿನಲ್ಲಿ ಬಹಳ ಕಡಿಮೆ ಚಿತ್ರಗಳು ಉಳಿದಾವು. ಚಿತ್ರದೊಳಗಿನ ವಿಮರ್ಶಕ ದೊಮಿಯೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಹೇಳಲು ಇಲ್ಲದವನು ಸುಮ್ಮನಿರಲಿ, ಜಗತ್ತಿನಲ್ಲಿ ಈಗಾಗಲೇ ಬೇಕಾದಷ್ಟು ಕಸವಿದೆ. ಗೈಡೊ ಕಲ್ಪನೆಯಲ್ಲಿ ಒಮ್ಮೆ ಅವನನ್ನು ನೇಣಿಗೇರಿಸುತ್ತಾನೆ. ಲೇಖನ ಬರೆಯುವ ನಮ್ಮಂಥವರು ಆ ದೃಶ್ಯದಲ್ಲಿ ಕುತ್ತಿಗೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ದೊಮಿಯೆಯ ಮೌನ ಗಝಾಲಿಯ ಮೌನವಲ್ಲ; ಅದು ತಾನು ಏನನ್ನೂ ಪಣಕ್ಕಿಡದವನ ಮೌನ. ಅದಕ್ಕಿಂತ ತಪ್ಪುತಪ್ಪಾಗಿ ಮಾತಾಡುವ ಗೈಡೊನೇ ವಾಸಿ ಎಂದು ನಮಗೂ ಅನಿಸುತ್ತದೆ. ಲೂಯಿಸಾಳ ಮಾತು ನಮ್ಮ ಕಿವಿಗೆ ಬಿದ್ದದ್ದು ಕೂಡ ಫೆಲಿನಿ ಅದನ್ನು ಚಿತ್ರದೊಳಗೆ ಇಟ್ಟದ್ದರಿಂದಲೇ ಅಲ್ಲವೇ? ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಹಾಜರುಪಡಿಸಿದವನು ಪೂರ್ತಿ ಸುಳ್ಳುಗಾರನಲ್ಲ.

ತೊಡಕಿರುವುದು ಕೊನೆಯಲ್ಲಿ. ಪತ್ರಿಕಾಗೋಷ್ಠಿ ಗೊಂದಲದಲ್ಲಿ ಮುಗಿದಿದೆ, ಚಿತ್ರ ರದ್ದಾಗಿದೆ, ಅಟ್ಟಣಿಗೆಯನ್ನು ಬಿಚ್ಚುತ್ತಿದ್ದಾರೆ. ಗೈಡೊಗೆ ಇದ್ದಕ್ಕಿದ್ದಂತೆ ಮನಸ್ಸು ಹಗುರಾಗುತ್ತದೆ. ಬದುಕಿನಲ್ಲಿ ಬಂದ ಎಲ್ಲರನ್ನೂ ಇದ್ದ ಹಾಗೇ ಒಪ್ಪಿಕೊಳ್ಳುತ್ತೇನೆ, ನೀನೂ ನನ್ನನ್ನು ಹಾಗೇ ಒಪ್ಪಿಕೋ ಎಂದು ಲೂಯಿಸಾಳನ್ನು ಕೇಳುತ್ತಾನೆ. ಸತ್ತ ತಂದೆತಾಯಿ, ಪ್ರೇಯಸಿ, ಪಾದ್ರಿಗಳು, ಸರಗೀನಾ ಎಲ್ಲರೂ ಇಳಿದು ಬಂದು ವೃತ್ತವಾಗಿ ಕುಣಿಯುತ್ತಾರೆ. ಮನೆಯಾಕೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ಎದ್ದು ಹೋದ ಲೂಯಿಸಾಳನ್ನು ಯಾರೂ ಕರೆದು ತರಲಿಲ್ಲ. ಅವಳು ಬಂದದ್ದು ಗೈಡೊನ ಕಲ್ಪನೆಯೊಳಕ್ಕೆ. ಕೇಳಿದವನೂ ಅವನೇ, ಅವಳ ಪರವಾಗಿ ಉತ್ತರ ಬರೆದವನೂ ಅವನೇ.

ಫೆಲಿನಿ ಮೊದಲು ಚಿತ್ರೀಕರಿಸಿದ್ದು ಬೇರೊಂದು ಕೊನೆ. ರೈಲಿನ ಊಟದ ಡಬ್ಬಿಯಲ್ಲಿ ಗಂಡಹೆಂಡಿರು ಎದುರುಬದುರು ಕೂತಿದ್ದಾರೆ. ಗೈಡೊ ತಲೆಯೆತ್ತಿದರೆ ಸುತ್ತ ಅವನ ಬದುಕಿನ ಜನರೆಲ್ಲ ಅವನನ್ನೇ ನೋಡಿ ನಗುತ್ತಿದ್ದಾರೆ, ರೈಲು ಸುರಂಗ ಹೊಗುತ್ತದೆ. ಜಾಹೀರಾತಿಗೆಂದು ತೆಗೆದ ಕುಣಿತದ ದೃಶ್ಯ ಫೆಲಿನಿಗೆ ಹೆಚ್ಚು ಹಿಡಿಸಿ ಅದೇ ಕೊನೆಯಾಯಿತು. ರೈಲಿನ ದೃಶ್ಯ ಕಳೆದುಹೋಯಿತು, ಅದರ ಸ್ಥಿರಚಿತ್ರಗಳಷ್ಟೇ ಉಳಿದಿವೆ. ಅದರ ಬಗ್ಗೆ 2003ರಲ್ಲಿ ತೆಗೆದ ಸಾಕ್ಷ್ಯಚಿತ್ರವೂ 2010ರ ಬ್ಲೂ-ರೇಯಲ್ಲಿದೆ. ಅದನ್ನು ನೋಡಿದವರಲ್ಲಿ ಕೆಲವರಿಗೆ ರೈಲೇ ಇರಬೇಕಿತ್ತು ಎನಿಸಿದೆ. ನಾವೂ ಆ ಕಡೆಯವರು. ರೈಲಿನಲ್ಲಿ ಹೆಂಡತಿ ಎದುರಿಗೇ ಕೂತಿರುತ್ತಾಳೆ, ಕುಣಿತದ ವೃತ್ತದಲ್ಲಿ ಅವಳು ಹಲವರಲ್ಲಿ ಒಬ್ಬಳು.

1965ರಲ್ಲಿ ಫೆಲಿನಿ ‘ಜೂಲಿಯೆಟ್ ಆಫ್ ದಿ ಸ್ಪಿರಿಟ್ಸ್’ ತೆಗೆದ. ಗಂಡನಿಂದ ಮೋಸಹೋದ ಹೆಂಡತಿಯ ಕಥೆ. ಆ ಪಾತ್ರಕ್ಕೆ ಅವನು ಆರಿಸಿದ್ದು ಜೂಲಿಯೆಟ್ಟಾ ಮಾಸೀನಾರನ್ನು, 1943ರಿಂದ ತನ್ನ ಹೆಂಡತಿಯಾಗಿದ್ದವರನ್ನು. ‘ಎಂಟೂವರೆ’ಯಲ್ಲಿ ಪ್ರೇಯಸಿಯಾಗಿದ್ದ ಸಾಂಡ್ರಾ ಮೀಲೊ ಇದರಲ್ಲಿ ನೆರೆಮನೆಯ ಸುಂದರಿ. ಇದು ಹೆಂಡತಿಯ ದನಿಗೆ ಕೊಟ್ಟ ಗೌರವವೋ ಅಥವಾ ಇನ್ನೊಂದು ಸ್ಕ್ರೀನ್ ಟೆಸ್ಟೋ ಎಂದು ನಾವಿಬ್ಬರೂ ಬಹಳ ಹೊತ್ತು ವಾದಿಸಿದೆವು, ಒಮ್ಮತಕ್ಕೆ ಬರಲಿಲ್ಲ.

ಅದಕ್ಕೂ ಮೊದಲು, ‘ಎಂಟೂವರೆ’ ನೋಡಿದ ರಾತ್ರಿಯೇ, ಮನೆಯಾಕೆ ಒಂದು ಮಾತು ಹೇಳಿದ್ದರು: “ಅವಳು ಕೊನೆಗೆ ಏನೋ ಅಂದಳಲ್ಲ, ಅದನ್ನು ಇನ್ನೊಂದು ಸಲ ಹಾಕಿ.” ಹಿಂದಕ್ಕೆ ಹೋದೆವು. ಅಂದು ಬಿಳಿಯ ಮೇಲೆ ಬಿಳಿಯಾಗಿ ಕಾಣದೇ ಹೋಗಿದ್ದ ಸಾಲು ಈಗ ಸ್ಪಷ್ಟವಾಗಿತ್ತು. ಗೈಡೊ ಹೇಳುತ್ತಿರುವುದು ನಿಜವೋ ಅಲ್ಲವೋ ತನಗೆ ಖಾತ್ರಿಯಿಲ್ಲ ಎನ್ನುತ್ತಾಳೆ ಲೂಯಿಸಾ. ಆದರೂ ನೀನು ಸಹಾಯ ಮಾಡಿದರೆ ಪ್ರಯತ್ನಿಸಬಲ್ಲೆ ಎನ್ನುತ್ತಾಳೆ. ತನ್ನ ಕಲ್ಪನೆಯೊಳಗೂ ಗೈಡೊಗೆ ಅವಳ ಬಾಯಲ್ಲಿ ‘ಕ್ಷಮಿಸಿದೆ’ ಎಂದು ಹೇಳಿಸಲು ಆಗಿಲ್ಲ. ಮೂರು ಸಲ ಹಿಂದಕ್ಕೆ ಹೋಗಿ ಅಷ್ಟನ್ನೇ ನೋಡಿದೆವು. ಸಂಗೀತ ಶುರುವಾಗುವ ಹೊತ್ತಿಗೆ ಪ್ರತಿ ಸಲವೂ ನಿಲ್ಲಿಸುತ್ತಿದ್ದವರು ಅವರೇ.